ಸಾಹೇಬರ ಕಣ್ಣಿಗೆ ತಿರುಗಿಸಿದ ಕನ್ನಡಿ

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಲು ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ "ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ?" ಎಂದು ಕೇಳುತ್ತಾರೆ. ಯಾವಾಗ ಯಾವ ಗ್ರೇಡಿಗೆ ಏರಿದೆ, ಯಾವ ಸಭೆಯಲ್ಲಿ ಹಾರ ಹಾಕಿದರು ಎಂದೆಲ್ಲ ಹೇಳಲು ಹೊರಟರೆ ಅವರಿಗೂ ಆಕಳಿಕೆ, ನನಗೂ ಆಕಳಿಕೆ. ಹಾಗಾಗಿ ಕೈ ಸುಟ್ಟುಕೊಂಡದ್ದು, ಗಾಜು ಒಡೆದದ್ದು, ಮೇಲಿನವರಿಂದ ಬೈಸಿಕೊಂಡದ್ದು, ಇಷ್ಟನ್ನೇ ಹೇಳುತ್ತೇನೆ. ಒಂದು ಸಂಗತಿಯನ್ನು ಮಾತ್ರ ಹೇಳಲು ಹೋದಾಗಲೆಲ್ಲ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದನ್ನು ಬರೆದೇ ಬಿಡೋಣ ಎಂದು ಈಗ ಕೂತಿದ್ದೇನೆ.

ನಾನು ಮೇಲೂರಿನವಳು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ಪಾಠ ಒಪ್ಪಿಸಿ, ಆಮೇಲೆ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ. ಐವತ್ತರ ದಶಕದ ಮೊದಲಲ್ಲಿ ನಮ್ಮ ಕಡೆ ಸೈನ್ಸ್ ಓದಿದ ಹೆಂಗಸು ಎಂದರೆ ಜನ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಮೊದಲ ಕೆಲಸ ಸಿಕ್ಕಿದ್ದು ಗೌರಿಬಿದನೂರಿನಲ್ಲಿ.

ಅಲ್ಲಿಗೆ ಇನ್‌ಸ್ಪೆಕ್ಟರು ಬರುತ್ತಾರೆ ಎಂದಾಗ ನಾನು ರಟ್ಟಿನ ಪೆರಿಸ್ಕೋಪ್ ಒಂದನ್ನು ಮಾಡಿದೆ. ಉದ್ದನೆಯ ರಟ್ಟಿನ ಕೊಳವೆ, ಮೇಲೊಂದು ಕೆಳಗೊಂದು ಓರೆ ಕನ್ನಡಿ. ಕೆಳಗಿನಿಂದ ನೋಡಿದರೆ ಕಾಂಪೌಂಡಿನಾಚೆಯ ರಸ್ತೆ ಕಾಣಬೇಕು. ರಾತ್ರಿ ಗೋಂದು ಆರುವಾಗ ಕೆಳಗಿನ ಕನ್ನಡಿ ಜಾರಿ ನೆಟ್ಟಗೆ ಕೂತುಬಿಟ್ಟಿತ್ತು. ಬೆಳಿಗ್ಗೆ ನಾನು ನೋಡಲೇ ಇಲ್ಲ. ನಿನ್ನೆ ಸರಿಯಿತ್ತಲ್ಲ ಎಂದುಕೊಂಡೆ. ಇನ್‌ಸ್ಪೆಕ್ಟರು ರುಮಾಲು ಸರಿಮಾಡಿಕೊಂಡು, ಬಗ್ಗಿ ಕಣ್ಣಿಟ್ಟರು.

"ಏನಮ್ಮಾ," ಅಂದರು, "ನನ್ನ ಮೂಗು ನೋಡೋಕೆ ನಾನು ಗೌರಿಬಿದನೂರ್‌ಗಂಟ ಬರ್ಬೇಕಿತ್ತಾ? ಮನೇಲೇ ಕನ್ನಡಿ ಇತ್ತಲ್ಲ!"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕನ್ನಡಿಯನ್ನು ಕೂರಿಸಿದವರೇ ಮತ್ತೆ ಕಣ್ಣಿಟ್ಟು ನೋಡಬೇಕು ಎಂಬ ಪಾಠ ಅಂದು ಸಿಕ್ಕಿತು. ಅದು ತಲೆಯಲ್ಲಿ ನಿಂತಿತೇ ಎಂದರೆ, ನಿಲ್ಲಲಿಲ್ಲ. ಅದಕ್ಕೆ ಕಾರಣ ಆಮೇಲೆ ಬರುತ್ತದೆ.

ಚಿಂತಾಮಣಿಯಲ್ಲಿ ನನಗೆ ಸಿಕ್ಕ ಹೆಡ್ಮಾಸ್ಟರು ವಿಜ್ಞಾನದ ಸಾಮಾನನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೇ ಕಟ್ಟಿಕೊಂಡಿದ್ದರು. "ಗಾಜು ಕಣಮ್ಮಾ, ಒಡೆದ್ರೆ ನನ್ನ ಪಿಂಚಣೀಲಿ ಹಿಡೀತಾರೆ" ಎನ್ನುವುದು ಅವರ ಮಾತು. ಮಕ್ಕಳು ಬೀರುವಿನ ಗಾಜಿನ ಬಾಗಿಲಿಗೆ ಮೂಗು ಒತ್ತಿ, ಇದು ಫ್ಲಾಸ್ಕು, ಇದು ಪ್ರಿಸಂ ಎಂದು ಗುರುತಿಸುವುದನ್ನೇ ಪ್ರಾಕ್ಟಿಕಲ್ ಎಂದುಕೊಂಡರು. ಅಲ್ಲಿಂದ ಶಿಡ್ಲಘಟ್ಟಕ್ಕೆ ವರ್ಗವಾದಾಗ ನಾನು ದೇವರಿಗೆ ತೆಂಗಿನಕಾಯಿ ಒಡೆದೆ.

ಶಿಡ್ಲಘಟ್ಟದ ಹೆಡ್ಮಾಸ್ಟರು ಮೊಹಿದ್ದೀನ್ ಸಾಹೇಬರು. ತೆಳ್ಳಗಿನ ಎತ್ತರದ ಮನುಷ್ಯ, ಬಿಳಿ ಶೇರವಾನಿ, ಚೂಪು ಗಡ್ಡ. ಗಣಿತ ಹೇಳುತ್ತಿದ್ದರು. ನಾನು ಡ್ಯೂಟಿಗೆ ಹಾಜರಾದ ದಿನ ಅವರು ಕೇಳಿದ ಮೊದಲ ಪ್ರಶ್ನೆ, "ವೆಂಕಟಲಕ್ಷ್ಮಮ್ಮ, ನಿಮಗೆ ತಿರುಪು ತಿರುಗಿಸೋಕೆ ಬರ್ತದಾ?"

ಏನೋ ಗದರಿಸುತ್ತಿದ್ದಾರೆ ಎಂದುಕೊಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಾಗಿಲಲ್ಲಿದ್ದ ಜವಾನ ಮುನಿಶಾಮಿ ನಗು ತಡೆದುಕೊಂಡು ಹೇಳಿದ: "ಹೆದರ್ಬೇಡಿ ಮೇಡಂನೋರೆ, ಸಾಹೇಬ್ರು ಮನೇಲಿ ದುರ್ಬೀನು ಕಟ್ತಾವ್ರೆ. ಗಾಜು ಉಜ್ಜೀ ಉಜ್ಜೀ ಅಂಗೈ ಗೆರೆಯೆಲ್ಲ ಸವೆದು ಹೋಗದೆ. ಜೋಯಿಸ್ರಿಗೆ ತೋರಿಸಿದ್ರೆ ಭವಿಷ್ಯಾನೇ ಇಲ್ಲ ಅಂತಾರೆ."

"ನಿನ್ನ ನಾಲಿಗೆ ಒಂದು ಸವೆಯೋದಿಲ್ಲ ನೋಡು" ಎಂದರು ಸಾಹೇಬರು.

ರಷ್ಯಾದವರು ಆಕಾಶಕ್ಕೆ ಏನೇನೋ ಹಾರಿಸುತ್ತಿದ್ದ ಕಾಲ ಅದು. ನಮ್ಮ ಮಕ್ಕಳಿಗೆ ಶನಿಯ ಬಳೆಯನ್ನಾದರೂ ಕಣ್ಣಾರೆ ತೋರಿಸಬೇಕು ಎಂಬುದು ಸಾಹೇಬರ ಹಟ. ಕೊಳ್ಳುವ ಮಾತೇ ಇರಲಿಲ್ಲ. ಊಟದ ತಟ್ಟೆಗಿಂತ ಚಿಕ್ಕದಾದ ದಪ್ಪ ಗಾಜಿನ ಬಿಲ್ಲೆಯೊಂದನ್ನು ತರಿಸಿ, ಪೀಪಾಯಿಯ ಮೇಲೆ ಇನ್ನೊಂದು ಬಿಲ್ಲೆ ಕೂರಿಸಿ, ನಡುವೆ ಒರಟು ಪುಡಿ ನೀರು ಹಾಕಿ, ಪೀಪಾಯಿಯ ಸುತ್ತ ನಡೆಯುತ್ತಾ ನಡೆಯುತ್ತಾ ಉಜ್ಜಿದ್ದರು. ಮೇಲಿನ ಬಿಲ್ಲೆ ನಿಧಾನವಾಗಿ ತಗ್ಗಾಗಿ ಬಾನಿಯ ತಳದಂತಾಯಿತು. ಅದಕ್ಕೆ ಶಾಲೆಯ ರಸಾಯನಗಳಿಂದಲೇ ಬೆಳ್ಳಿಯ ಲೇಪ ಕೊಟ್ಟರು. ಕೊಳವೆಯನ್ನು ಮಾಡಿಕೊಟ್ಟವನು ರೇಷ್ಮೆ ಬಿಚ್ಚುವವರಿಗೆ ತಗಡಿನ ಸಾಮಾನು ಮಾಡುತ್ತಿದ್ದವನು.

ಆ ದುರ್ಬೀನಿನಲ್ಲಿ ಎರಡು ಕನ್ನಡಿ. ತಗ್ಗಾದ ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿ. ಅದು ಬೆಳಕನ್ನು ಹಿಡಿದು ಮೇಲಕ್ಕೆ ಕಳಿಸುತ್ತದೆ. ಬಾಯಿಯ ಹತ್ತಿರ ಓರೆಯಾಗಿ ಕೂತ ಸಣ್ಣ ಕನ್ನಡಿ ಆ ಬೆಳಕನ್ನು ಪಕ್ಕಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕೊಡುತ್ತದೆ. ಎರಡೂ ಒಂದನ್ನೊಂದು ನೆಟ್ಟಗೆ ನೋಡುತ್ತಿರಬೇಕು. ಕೂದಲೆಳೆಯಷ್ಟು ವಾರೆಯಾದರೂ ನಕ್ಷತ್ರ ಚುಕ್ಕಿಯಾಗಿ ಕಾಣದೆ ಬಾಲ ಬಿಟ್ಟುಕೊಂಡು ಕಾಣುತ್ತದೆ.

ಅದನ್ನು ಸರಿಮಾಡುವ ಕೆಲಸ ಹಗಲಿನದು. ಕೊಳವೆಯನ್ನು ಬೆಳಕಿರುವ ಗೋಡೆಯ ಕಡೆಗೆ ತಿರುಗಿಸಿಟ್ಟು, ಕಣ್ಣಿಡುವ ತೂತಿನ ಮಸೂರ ತೆಗೆದು, ಅಲ್ಲಿಗೆ ಸಣ್ಣ ರಂಧ್ರವಿರುವ ಮುಚ್ಚಳ ಹಾಕಬೇಕು. ನನ್ನ ಕುಂಕುಮದ ಡಬ್ಬಿಯ ಮುಚ್ಚಳವೇ ಅದಕ್ಕೆ ಸರಿಹೋಯಿತು. ರಂಧ್ರದಲ್ಲಿ ನೋಡಿದರೆ ದೊಡ್ಡ ಕನ್ನಡಿ ಬೆಳ್ಳಿ ತಟ್ಟೆಯ ಹಾಗೆ ದುಂಡಗೆ ಕಾಣುತ್ತದೆ. ಅದರೊಳಗೆ ಸಣ್ಣ ಕನ್ನಡಿಯ ನೆರಳು, ಕಪ್ಪು ಬೊಟ್ಟಿನ ಹಾಗೆ. ಆ ಬೊಟ್ಟು ತಟ್ಟೆಯ ನಟ್ಟನಡುವೆ ಇರಬೇಕು. ಇಲ್ಲದಿದ್ದರೆ ತಳದಲ್ಲಿರುವ ಮೂರು ತಿರುಪುಗಳನ್ನು ಅಷ್ಟಷ್ಟೇ ತಿರುಗಿಸಿ ಅದನ್ನು ನಡುವಿಗೆ ತರಬೇಕು.

ತೊಡಕು ಇರುವುದು ಇಲ್ಲಿ. ಕಣ್ಣಿಡುವ ತೂತು ಕೊಳವೆಯ ಬಾಯಿ ಹತ್ತಿರ, ತಿರುಪು ತಳದಲ್ಲಿ. ಒಬ್ಬರ ಕೈಗೆ ಎರಡೂ ಎಟುಕುವುದಿಲ್ಲ. ಒಬ್ಬರು ನೋಡುತ್ತಾ ಹೇಳಬೇಕು, ಇನ್ನೊಬ್ಬರು ತಿರುಗಿಸಬೇಕು. ಸಾಹೇಬರು ಹಿರಿಯರು, ಹೆಡ್ಮಾಸ್ಟರು, ದುರ್ಬೀನು ಕಟ್ಟಿದವರು. ಅವರು ನೋಡುವವರು. ನಾನು ತಿರುಗಿಸುವವಳು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಿರಿಯರು ನೋಡಿ "ಸರಿಯಾಯ್ತು" ಎಂದ ಮೇಲೆ ಚಿಕ್ಕವಳು ಹೋಗಿ ಕಣ್ಣಿಟ್ಟರೆ ಅವರ ಮಾತನ್ನೇ ಪರೀಕ್ಷೆ ಮಾಡಿದ ಹಾಗಾಗುತ್ತದೆ. ಗೌರಿಬಿದನೂರಿನ ಪಾಠ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಹೀಗೆ ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗುವುದು ರೂಢಿಯಾಯಿತು. ನನ್ನ ಜೊತೆಯಲ್ಲಿದ್ದ ನಮ್ಮಮ್ಮ ಗೊಣಗುತ್ತಿದ್ದಳು: "ಏಮ್ಮಾ, ಆರು ದಿನ ಇಸ್ಕೂಲ್ ಸಾಲ್ದು ಅಂತ ಏಳನೇ ದಿನ ತಿರುಪು ತಿರುಗ್ಸೋಕೆ ಹೊರಟ್ಯಾ? ನಮ್ಮನೆ ಬಾವಿ ರಾಟೆ ವರ್ಷದಿಂದ ಕಿರುಗುಟ್ತಾ ಐತೆ, ಅದನ್ನ ಯಾರು ತಿರುಗಿಸೋರು?"

ಸಾಹೇಬರ ಮನೆ ಊರಿನ ಪಡುವಣ ತುದಿಯಲ್ಲಿ, ಕೆರೆಗೆ ಮುಖಮಾಡಿತ್ತು. ಆ ಸಾಲಿನಲ್ಲೇ ಎತ್ತರದ ಮಾಳಿಗೆ. ರಂಜಾನ್ ತಿಂಗಳ ಕೊನೆಯಲ್ಲಿ ಈದಿನ ಚಂದ್ರ ಹುಡುಕುವವರ ಕಣ್ಣೆಲ್ಲ ಆ ಮಾಳಿಗೆಯ ಮೇಲೆ. ಸಾಹೇಬರ ನೋಟ ಅಷ್ಟು ಸೂಕ್ಷ್ಮ ಎಂದು ಹೆಸರಾಗಿತ್ತು. ಸಂಜೆಗೆಂಪಿನಲ್ಲಿ ಉಗುರಿನ ತುದಿಯಂತಹ ಗೆರೆಯನ್ನು ಅವರು ಎಲ್ಲರಿಗಿಂತ ಮೊದಲು ಕಂಡು, ಕೆಳಗಿಳಿದು, "ನಾನು ಕಣ್ಣಾರೆ ಕಂಡೆ" ಎಂದು ಗವಾಹಿ, ಅಂದರೆ ಸಾಕ್ಷಿ, ನುಡಿಯುತ್ತಿದ್ದರು. ಅವರು ಹೇಳಿದರೆ ಮಾರನೇ ದಿನ ಹಬ್ಬ. ಇಲ್ಲದಿದ್ದರೆ ಇನ್ನೊಂದು ಉಪವಾಸ. ಅವರ ತಂದೆಯೂ ಹಾಗೆಯೇ ಸಾಕ್ಷಿ ನುಡಿದವರಂತೆ. ಹೆಡ್ಮಾಸ್ಟರ್ ಗಿರಿಗಿಂತ ಅವರಿಗೆ ಇದೇ ದೊಡ್ಡದು ಎಂದು ಅವರ ಹೆಂಡತಿ ಜೈನಾಬಿಯವರು ನನಗೊಮ್ಮೆ ಹೇಳಿದ್ದರು.

ಭಾನುವಾರಗಳು ಹೀಗೆ ಸಾಗುತ್ತಿದ್ದವು:

"ಬೊಟ್ಟು ಮೇಲಕ್ಕೈತೆ. ಕೆಳಗೆ ತನ್ನಿ. ಇನ್ನೂ. ಇನ್ನೊಂಚೂರು... ಹಾಂ, ಬಸ್ ಬಸ್!"

ನಾನು ಕೈ ತೆಗೆಯುತ್ತಿದ್ದೆ. ಸಂಜೆ ಮಕ್ಕಳು ಸಾಲಾಗಿ ಮಾಳಿಗೆ ಹತ್ತುತ್ತಿದ್ದರು. ಮೊದಲನೆಯದು ಕಣ್ಣಿಟ್ಟು "ಸಾರ್, ಶನಿಗೆ ಬಾಲ ಐತೆ!" ಅನ್ನುತ್ತಿತ್ತು. ಸಾಹೇಬರೂ ನೋಡುತ್ತಿದ್ದರು. ಹೌದು, ಬಾಲ. ಬಳೆ ಕಲಸಿದ ಸುಣ್ಣದಂತೆ ಒಂದು ಕಡೆಗೆ ಇಳಿದುಬಿಟ್ಟಿತ್ತು.

ಮುಂದಿನ ಭಾನುವಾರ ಮತ್ತೆ ತಿರುಪು. ಮತ್ತೆ ಬಾಲ. ಬಿಸಿಲಿಗೆ ಕೊಳವೆ ಬಾಗಿರಬಹುದು ಎಂದು ಅದಕ್ಕೆ ಗೋಣಿ ಸುತ್ತಿದೆವು. ತಿರುಪು ಸಡಿಲವಿರಬಹುದು ಎಂದು ಸೈಕಲ್ ಶಾಪಿನಿಂದ ಬೇರೆ ತಂದೆವು. ಕೊನೆಗೆ ಸಾಹೇಬರು, "ಕೂರಿಸೋದ್ರಲ್ಲಿ ತಪ್ಪಿಲ್ಲಮ್ಮ, ಕನ್ನಡೀಲೇ ತಪ್ಪು. ನಾನು ಉಜ್ಜಿದ್ದೇ ಸರಿಯಿಲ್ಲ" ಎಂದು ದೊಡ್ಡ ಕನ್ನಡಿಯನ್ನು ಹೊರತೆಗೆದು, ಬೆಳ್ಳಿ ಕಳಚಿ, ಮತ್ತೆ ಪೀಪಾಯಿಯ ಮೇಲಿಟ್ಟರು. ಬೇಸಿಗೆ ರಜೆಯೆಲ್ಲ ಅದಕ್ಕೇ ಹೋಯಿತು. ಬಿಸಿಲಿಗೆ ಕೆಂಪಾದ ಮುಖದಲ್ಲಿ ಸುತ್ತುತ್ತಲೇ ಇದ್ದರು. ಸುತ್ತುವಾಗ ಬಲಗಡೆಯ ಕಟ್ಟೆಗೆ ಮೊಣಕಾಲು ತಾಗಿಸಿಕೊಳ್ಳುತ್ತಿದ್ದರು. "ಈ ಕಟ್ಟೇನ ಯಾರಪ್ಪ ಇಲ್ಲಿ ಕಟ್ಟಿದ್ದು" ಎಂದು ಬೈಯುತ್ತಿದ್ದರು. ಕಟ್ಟಿಸಿದವರು ಅವರ ಅಪ್ಪನೇ.

ಸರಿಯಿದ್ದ ಕನ್ನಡಿಯನ್ನು ಅವರು ಮತ್ತೆ ಉಜ್ಜುತ್ತಿದ್ದರು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಹೊಸ ಬೆಳ್ಳಿ ಬಿತ್ತು. ಕನ್ನಡಿ ಕೊಳವೆಗೆ ಮರಳಿತು. ಶನಿಗೆ ಮತ್ತೆ ಬಾಲ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ. ಸಾಹೇಬರು "ಸರಿಯಾಯ್ತು" ಎಂದು ಎದ್ದರು. ಅಷ್ಟರಲ್ಲಿ ಯಾರೋ ಮಗನ ವರ್ಗಾವಣೆ ಪತ್ರಕ್ಕೆಂದು ಬಂದು ಕೆಳಗಿನಿಂದ ಕೂಗಿದರು. ಸಾಹೇಬರು ಇಳಿದು ಹೋದರು. ನಾನು ಮುಚ್ಚಳದ ದೂಳು ಒರೆಸಲು ಹೋದೆ. ಒರೆಸಿದ ಮೇಲೆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಯಿತು.

ಬೆಳ್ಳಿ ತಟ್ಟೆ ದುಂಡಗೆ, ಚೆನ್ನಾಗಿ ಕಂಡಿತು. ಕಪ್ಪು ಬೊಟ್ಟು ಮಾತ್ರ ನಡುವೆ ಇರಲಿಲ್ಲ. ಕೆಳಗಿನ ಅಂಚಿನ ಕಡೆಗೆ ಇಳಿದು ಕೂತಿತ್ತು. ಸ್ವಲ್ಪವಲ್ಲ, ಎಂಥವರಿಗೂ ಕಾಣುವಷ್ಟು. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಹಾಗೇ ಇತ್ತು. ತಳಕ್ಕೆ ಓಡಿ ತಿರುಪು ತಿರುಗಿಸುವುದು, ಬಾಯಿಗೆ ಓಡಿ ಬಂದು ನೋಡುವುದು, ಸೆರಗು ಸಿಕ್ಕಿಸಿಕೊಂಡು ಹೀಗೆ ಓಡಾಡಿ ಬೊಟ್ಟನ್ನು ನಡುವಿಗೆ ತಂದೆ.

ಸಾಹೇಬರು ಮೇಲೆ ಬಂದು ಕಣ್ಣಿಟ್ಟರು. ಅವರ ಮುಖ ಗಂಟಿಕ್ಕಿತು.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಸಾರ್. ಬೊಟ್ಟು ಕೆಳಕ್ಕಿತ್ತು, ಅದಕ್ಕೆ..."

"ಕೆಳಕ್ಕಿತ್ತಾ? ಈಗ ನೋಡಿದ್ರೆ ಮೇಲೆ ಹೋಗಿ ಅಂಚಿಗೇ ತಾಗ್ತಾ ಐತೆ! ಮೇಲ್ಗಡೆ ತಟ್ಟೆನೇ ಕಾಣ್ತಿಲ್ಲ, ಕಪ್ಪಾಗೈತೆ. ಬೆಳಿಗ್ಗೆಯಿಂದ ಮಾಡಿದ ಕೆಲಸ ಹಾಳು ಮಾಡಿದ್ರಲ್ಲಮ್ಮ!"

ಅವರು ನನ್ನ ಮೇಲೆ ಎಂದೂ ಕೂಗಿದವರಲ್ಲ. ನಾನು ಹೋಗಿ ಮತ್ತೆ ನೋಡಿದೆ. ನನಗೆ ಇಡೀ ತಟ್ಟೆ ಕಾಣುತ್ತಿತ್ತು. ಮೇಲೆ ಕಪ್ಪೆಂಬುದೇ ಇರಲಿಲ್ಲ. ಒಂದೇ ರಂಧ್ರ, ಒಂದೇ ಕನ್ನಡಿ. ನನಗೆ ಪೂರ್ತಿ, ಅವರಿಗೆ ಅರ್ಧ. ಆಗ ಹೊಳೆಯಿತು. ಹೊಳೆದದ್ದನ್ನು ಬಾಯಿಂದ ಹೊರಡಿಸುವುದು ಹೇಗೆ?

"ಸಾರ್," ಅಂದೆ, "ನೀವು ಯಾವಾಗಲೂ ಬಲಗಣ್ಣಲ್ಲೇ ನೋಡ್ತೀರ. ಒಂದ್ಸಲ ಎಡಗಣ್ಣಲ್ಲಿ ನೋಡಿ."

"ಯಾಕೆ?"

"ಸುಮ್ನೆ, ಒಂದ್ಸಲ."

ಬಗ್ಗಿದರು. ಎಡಗಣ್ಣಿಟ್ಟರು. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಬಲಗಣ್ಣು. ಮತ್ತೆ ಎಡಗಣ್ಣು. ಕೆರೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಸಾಹೇಬರು ಎದ್ದು ನಿಂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಆಕಾಶ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಿಮ್ಮ ತಲೆ ಕಾಣ್ತಿಲ್ಲ ವೆಂಕಟಲಕ್ಷ್ಮಮ್ಮ," ಅಂದರು. "ಕೊರಳಿಂದ ಕೆಳಗೆ ಕಾಣ್ತೀರ."

ಅವರು ಅಂಗೈ ಇಳಿಸಿದರು.

"ಇಷ್ಟು ದಿನ ನಾವು ನನ್ನ ಕಣ್ಣಿಗೆ ತಕ್ಕ ಹಾಗೆ ಕನ್ನಡಿ ತಿರುಗಿಸಿದ್ದೀವಿ" ಎಂದು ಅವರು ಕಟ್ಟೆಯ ಮೇಲೆ ಕೂತರು. ಎರಡು ಕಣ್ಣೂ ತೆರೆದಿದ್ದಾಗ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿತ್ತು. ಒಂದನ್ನು ಮುಚ್ಚಿದಾಗ ಮಾತ್ರ ಅದು ಗೊತ್ತಾಗುವಂಥದ್ದು. ಅವರು ಒಂದನ್ನು ಮುಚ್ಚುತ್ತಿದ್ದದ್ದು ಈ ರಂಧ್ರದ ಮುಂದೆ ಮಾತ್ರ. ಅಲ್ಲಿ ಕಂಡ ಕಪ್ಪನ್ನು ಕನ್ನಡಿಯದೆಂದೇ ತಿಳಿದಿದ್ದರು.

ಹೊರಡುವಾಗ ಜೈನಾಬಿಯವರು ನನ್ನನ್ನು ಅಡುಗೆಮನೆಗೆ ಕರೆದರು.

"ಟೀಚರಮ್ಮ, ಏನಾಯ್ತು? ಮುಖ ಯಾಕೆ ಹಂಗೆ ಐತೆ ಇಬ್ರದ್ದೂ?"

ನಾನು ಬಾಯಿ ತೆರೆಯುವುದಕ್ಕೆ ಮೊದಲು ಅವರೇ ಹೇಳಿದರು: "ಕಣ್ಣು ತಾನೆ? ನಂಗೊತ್ತು. ಬಲಗಡೆ ಬಾಗಿಲು ಹೊಡ್ಕೊಂತಾರೆ. ಚಹಾ ಬಗ್ಗಿಸಿದ್ರೆ ಬಟ್ಲ ಪಕ್ಕಕ್ಕೆ ಬೀಳ್ತದೆ. ಕೇಳಿದ್ರೆ, ನಿನ್ನ ಬಟ್ಲೇ ಸೊಟ್ಟ ಅಂತಾರೆ."

"ನೀವು ಯಾರಿಗೂ ಹೇಳಲಿಲ್ವಾ?"

"ಯಾರ್ಗೆ ಹೇಳ್ಲಿ? ಊರಿಗೆಲ್ಲ ಚಂದ್ರ ತೋರ್ಸೋ ಕಣ್ಣು ಅದು. ನನ್ನ ಬಾಯಿಂದ ಅದು ಹೋಯ್ತು ಅಂತ ಹೆಂಗೆ ಹೇಳ್ಲಮ್ಮ?"

ಆ ವಾರವೇ ಸಾಹೇಬರು ಸಣ್ಣ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದರು. ಡಾಕ್ಟರು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ನನಗೆ ಹೇಳಿದರು. ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ, ಸದ್ದಿಲ್ಲದೆ ತಿನ್ನುತ್ತದೆ. ಹೋದದ್ದು ಬರುವುದಿಲ್ಲ. ಎಡಗಣ್ಣಿನಲ್ಲೂ ಶುರುವಾಗಿದೆ. ಉಳಿದಿರುವುದನ್ನು ಉಳಿಸಿಕೊಳ್ಳಬೇಕಾದರೆ ದಿನವೂ ತಪ್ಪದೆ ಹನಿ ಔಷಧ ಹಾಕಿಕೊಳ್ಳಬೇಕು.

"ಒಂದು ವರ್ಷ ಮುಂಚೆ ಬಂದಿದ್ರೆ ಅಂದ್ರು ಡಾಕ್ಟ್ರು," ಎಂದು ಸಾಹೇಬರು ನಕ್ಕರು. "ಆ ವರ್ಷ ನಾನು ಪೀಪಾಯಿ ಸುತ್ತ ತಿರುಗ್ತಾ ಇದ್ದೆ."

ಆಮೇಲೆ ತಗ್ಗಿದ ದನಿಯಲ್ಲಿ, "ಇದು ನಮ್ಮಿಬ್ಬರಲ್ಲೇ ಇರಲಿ" ಎಂದರು. ಕೆಲಸ ಹೋಗುತ್ತದೆಂಬ ಭಯ ಅವರಿಗಿರಲಿಲ್ಲ. ಅವರ ಭಯ ಯಾವುದೆಂದು ನನಗೆ ಗೊತ್ತಿತ್ತು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇಲ್ಲೊಂದು ಮಾತು. ಅಂದಿನಿಂದ ನಾನು ಶಾಲೆಯಲ್ಲಿ ಎರಡು ಪದ್ಧತಿ ಇಟ್ಟುಕೊಂಡೆ. ಯಾವ ಉಪಕರಣವಾದರೂ ಸರಿ, ಹೇಳಿದವರು ಯಾರಾದರೂ ಸರಿ, ತಿರುಗಿಸಿದವರು ತಾವೇ ಬಂದು ಕಣ್ಣಿಟ್ಟು ನೋಡಲೇಬೇಕು. ನನ್ನ ಮಾತನ್ನು ಕೂಡ ಮಕ್ಕಳು ಹಾಗೇ ತೆಗೆದುಕೊಳ್ಳಬಾರದು. ಇನ್ನೊಂದು, ವರ್ಷದ ಮೊದಲಲ್ಲೇ ಪ್ರತಿ ಮಗುವನ್ನೂ ಒಂದೊಂದೇ ಕಣ್ಣು ಮುಚ್ಚಿಸಿ ಬೋರ್ಡು ಓದಿಸುವುದು. ದಡ್ಡಿ ಎಂದು ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬಳಿಗೆ ಒಂದು ಕಣ್ಣಿನಲ್ಲಿ ಬೋರ್ಡೇ ಕಾಣುತ್ತಿರಲಿಲ್ಲ, ಇನ್ನೊಂದರಲ್ಲಿ ಮಸುಕು. ಅವಳಪ್ಪ ಬಂದು ನನ್ನ ಮೇಲೆ ರೇಗಿದ: "ಮದುವೆಯಾಗ್ಬೇಕಾದ ಹುಡ್ಗಿಗೆ ಕಣ್ಣಿಲ್ಲ ಅಂತ ಊರಿಗೆಲ್ಲ ಸಾರ್ತೀರಾ?" ಅವಳನ್ನು ಶಾಲೆ ಬಿಡಿಸಿದ. ಎಲ್ಲದಕ್ಕೂ ಹಾಡು ಹಸೆಯ ಮುಕ್ತಾಯ ಇರುವುದಿಲ್ಲ.

ದುರ್ಬೀನಿನ ಕೆಲಸ ಆಮೇಲೆ ತಲೆಕೆಳಗಾಯಿತು. ನಾನು ಕಣ್ಣಿಡುತ್ತಿದ್ದೆ, ಸಾಹೇಬರು ತಳದಲ್ಲಿ ಕೂತು ತಿರುಪು ತಿರುಗಿಸುತ್ತಿದ್ದರು. ಮೊದಲ ಸಲ ನನ್ನ ಹೆಡ್ಮಾಸ್ಟರಿಗೆ "ಇನ್ನೊಂಚೂರು ಎಡಕ್ಕೆ" ಎಂದು ಹೇಳುವಾಗ ನಾಲಿಗೆ ತೊಡರಿತು.

"ಜೋರಾಗಿ ಹೇಳೀಮ್ಮಾ," ಎಂದರು ಕೆಳಗಿನಿಂದ. "ನಾನು ನಿಮ್ಗೆ ಹಿಂಗಾ ಹೇಳ್ತಿದ್ದಿದ್ದು?"

ಮುನಿಶಾಮಿ ಅದನ್ನು ನೋಡಿ, "ಅಯ್ಯೋ, ಸರ್ಕಾರಾನೇ ಬದಲಾಯ್ತಲ್ಲ!" ಎಂದು ಬೆರಗಾದ. ಅವನಿಗೆ ಕಾರಣ ಗೊತ್ತಿರಲಿಲ್ಲ.

ಶನಿಯ ಬಾಲ ಹೋಯಿತು. ಬಳೆ ಬಳೆಯಾಗಿಯೇ ಕಂಡಿತು. ಮಕ್ಕಳು ಕೂಗಿದರು. ಸಾಹೇಬರು ಎಡಗಣ್ಣಿಟ್ಟು ನೋಡಿ "ಸುಭಾನಲ್ಲಾ" ಎಂದು ಪಕ್ಕಕ್ಕೆ ಸರಿದರು. ಬಲಗಣ್ಣು ಅದನ್ನು ನೋಡಲೇ ಇಲ್ಲ.

ಆ ವರ್ಷ ರಂಜಾನ್ ಬಂತು. ಇಪ್ಪತ್ತೊಂಬತ್ತನೇ ಉಪವಾಸದ ದಿನ ಮಧ್ಯಾಹ್ನ ಜೈನಾಬಿಯವರು ಹೇಳಿಕಳಿಸಿದರು. ನಾನು ಹೋದೆ. ಅವರು ಕಡಲೆಬೇಳೆ ಬೇಯಿಸುತ್ತಿದ್ದರು.

"ಬೆಳಿಗ್ಗೆಯಿಂದ ಹನಿ ಹಾಕಿಸ್ಕೊಂಡಿಲ್ಲ ಟೀಚರಮ್ಮ," ಎಂದರು ಮೆಲ್ಲಗೆ. "ಉಪವಾಸಕ್ಕೆ ಅಂತ ಅಲ್ಲ. ಹನಿ ಹಾಕಿದ್ರೆ ಸಂಜೆ ಹೊತ್ತು ಎಲ್ಲಾ ಮಬ್ಬಾಗ್ತದಂತೆ. ಚಂದ್ರ ಕಾಣಲ್ಲ ಅಂತ. ನೀವು ಹೇಳಿ. ನಿಮ್ಮ ಮಾತು ಕೇಳ್ತಾರೆ."

ಆ ಔಷಧದಿಂದ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮುಸ್ಸಂಜೆಯ ಬೆಳಕು ಸಾಲದಾಗುತ್ತದೆ ಎಂಬುದು ನಿಜ. ಹನಿ ಬಿಟ್ಟರೆ ಒತ್ತಡ ಏರಿ, ಉಳಿದ ನೋಟವೂ ಸವೆಯುತ್ತದೆ ಎಂಬುದೂ ನಿಜ. ಮಾಳಿಗೆ ಹತ್ತಿದೆ. ಸಾಹೇಬರು ಆಗಲೇ ಪಡುವಣಕ್ಕೆ ಮುಖಮಾಡಿ ನಿಂತಿದ್ದರು.

"ಸಾರ್, ಹನಿ..."

"ಗೊತ್ತು. ಒಂದು ದಿನ ತಾನೆ?"

"ನರ ಒಂದು ದಿನ ಅಂತ ಬಿಡಲ್ಲ ಸಾರ್."

"ನಿಮ್ಮಪ್ಪನೂ ಅವರಪ್ಪನೂ ಮಾಡಿದ ಕೆಲಸ ನಿಮ್ಮ ಕೈಲಿ ನಿಂತೋಗ್ತದೆ ಅಂದ್ರೆ ನೀವು ಏನು ಮಾಡ್ತೀರ, ಹೇಳಿ."

ದುರ್ಬೀನನ್ನು ಪಡುವಣಕ್ಕೆ ತಿರುಗಿಸಲೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. "ಬೇರೆಯವ್ರು ಏನಾದ್ರೂ ಮಾಡ್ಲಿ. ನಮ್ಮ ಮನೆ ಗವಾಹಿ ಬರಿಗಣ್ಣಿಂದು."

ಹೊತ್ತು ಮುಳುಗಿತು. ಮಸೀದಿಯ ಕೂಗು ಕೇಳಿತು. ಜೈನಾಬಿಯವರು ಖರ್ಜೂರ, ನೀರು ಮೇಲೆ ಕಳಿಸಿದರು. ಸಾಹೇಬರು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, ನಿಂತಲ್ಲೇ ನಿಂತರು. ಬೀದಿಯಲ್ಲಿ ಜನ ಸೇರಿದ್ದರು. ಮಸೀದಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಾಷಾ ಸಾಹೇಬರು, ರೇಷ್ಮೆ ನೂಲಿನ ವ್ಯಾಪಾರದವರು, ಮುಂದೆಯೇ ನಿಂತು ಮೇಲೆ ನೋಡುತ್ತಿದ್ದರು. ಪಡುವಣದಲ್ಲಿ ಮೋಡದ ಗೋಡೆ. ಕೆರೆ ಏರಿಯ ಮೇಲೆ ಹೋದವರು ಏನೂ ಕಾಣದೆ ಹಿಂತಿರುಗುತ್ತಿದ್ದರು.

ಮೋಡ ಒಂದು ಕಡೆ ಸೀಳಿತು. ಆ ಸಂದಿಯಲ್ಲಿ, ಹುಣಸೆಮರದ ಬಲಕ್ಕೆ, ಬಹಳ ಕೆಳಗೆ, ಒಂದು ಗೆರೆ ಇತ್ತು. ಬಿಳಿ ನೂಲಿನ ತುಂಡಿನಷ್ಟು.

"ಸಾರ್, ಅಗೋ! ಹುಣಸೆಮರದ ಬಲಗಡೆ. ಮೋಡದ ಸಂದೀಲಿ."

"ಎಲ್ಲಿ?"

"ಇನ್ನೂ ಬಲಕ್ಕೆ. ಸ್ವಲ್ಪ ಮೇಲೆ ಸಾರ್, ಮೇಲೆ."

ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿದರು. ಬಲಗಣ್ಣು ಮುಚ್ಚಿದರು. ಕೈಯನ್ನು ಹಣೆಗೆ ಅಡ್ಡ ಹಿಡಿದರು. ಅವರ ನೋಟ ಅದರ ಮೇಲೆಯೇ ಹಾದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ನಾನು ಅವರ ಹಿಂದೆ ನಿಂತು ಭುಜದ ಮೇಲಿಂದ ಬೆರಳು ಚಾಚಿದೆ. ಅಷ್ಟರಲ್ಲಿ ಮೋಡ ಕೂಡಿಕೊಂಡಿತು.

ಕೆಳಗಿನಿಂದ ಬಾಷಾ ಸಾಹೇಬರು ಕೂಗಿದರು: "ಹೆಡ್ಮಾಸ್ಟರ್ ಸಾಬ್, ಕಾಣ್ತಾ?"

ಸಾಹೇಬರು ನನ್ನ ಕಡೆ ನೋಡಲಿಲ್ಲ. ಅವರು ಹೂಂ ಎಂದಿದ್ದರೆ ಮುಗಿದಿತ್ತು. ಚಂದ್ರ ಇತ್ತು. ಇದ್ದದ್ದನ್ನು ಇತ್ತು ಎಂದರೆ ಸುಳ್ಳಾದರೂ ಹೇಗಾಗುತ್ತದೆ? ನನ್ನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ನಾನು ಹಿಂದೆಯೇ ಇಳಿದೆ. ಬಾಗಿಲಲ್ಲಿ ನಿಂತು ಅವರು ಹೇಳಿದರು:

"ನಾನು ನೋಡ್ಲಿಲ್ಲ."

"ಮೋಡ ಅಲ್ವಾ ಸಾಬ್? ಮೋಡ ಇದ್ರೆ ಯಾರು ಏನು ಮಾಡೋಕಾಗ್ತದೆ."

"ಮೋಡ ಅಲ್ಲ ಬಾಷಾ. ಮೋಡ ಬಿಟ್ಟಿತ್ತು. ಚಂದ್ರ ಇತ್ತು. ಈ ಟೀಚರಮ್ಮ ನೋಡಿದ್ರು. ನನಗೆ ಕಾಣಲಿಲ್ಲ. ನನ್ನ ಕಣ್ಣು ಹೋಗೈತೆ. ಒಂದು ಪೂರ್ತಿ ಹೋದಂಗೇ, ಇನ್ನೊಂದು ಹೋಗ್ತಾ ಐತೆ. ಇನ್ಮೇಲೆ ಈ ಮನೆಗೆ ಬಂದು ಕೇಳ್ಬೇಡಿ."

ಯಾರೋ ಹಿಂದಿನಿಂದ, "ಟೀಚರಮ್ಮ ನೋಡಿದಾರಲ್ಲ..." ಎಂದರು. ಇನ್ನೊಬ್ಬರು, "ಅವರ ಗವಾಹಿ ಹೆಂಗಾಗ್ತದಪ್ಪ" ಎಂದರು. ಆ ಮಾತಿನಲ್ಲಿ ನನ್ನ ಮೇಲೆ ಕೋಪವಿರಲಿಲ್ಲ, ಸಾಕ್ಷಿ ಅವರ ಧರ್ಮದವರದೇ ಆಗಬೇಕೆಂಬ ನೇಮವಿತ್ತು. ಒಳಗೆ ಜೈನಾಬಿಯವರ ಕೈಯಿಂದ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬಾಷಾ ಸಾಹೇಬರು "ನಾಳೆ ರೋಜಾ" ಎಂದು ಹೇಳಿ ಹೊರಟರು.

ಮಾರನೇ ದಿನ ಊರು ಉಪವಾಸವಿತ್ತು. ಚಿಂತಾಮಣಿಯ ಕಡೆ ಚಂದ್ರ ಕಂಡು ಹಬ್ಬ ನಡೆಯುತ್ತಿದೆ ಎಂದು ಮಧ್ಯಾಹ್ನದ ಬಸ್ಸಿನವರು ಹೇಳುವ ಹೊತ್ತಿಗೆ ಹಬ್ಬದ ನಮಾಜಿನ ಹೊತ್ತು ಮೀರಿತ್ತು. ಸಂತೆ ಬೀದಿಯಲ್ಲಿ ಕೆಲವರು ಸಾಹೇಬರ ಹೆಸರು ಹಿಡಿದು ಆಡಿಕೊಂಡರಂತೆ. ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಸಂಜೆ ಅವರ ಮನೆಯ ಮುಂದೆ ಹಾದು ಹೋದೆ. ಮೋಡವಿರಲಿಲ್ಲ. ಚಂದ್ರ ದಪ್ಪಗೆ ನಿಂತಿತ್ತು. ಕೆರೆ ಏರಿಯ ಮೇಲೆ ಮಕ್ಕಳು ಕಿರುಚುತ್ತಿದ್ದರು. ಸಾಹೇಬರು ಮಾಳಿಗೆ ಹತ್ತಿರಲಿಲ್ಲ. ಜಗಲಿಯ ಮೇಲೆ ಕೂತಿದ್ದರು.

"ಎಷ್ಟೆತ್ತರ ಐತೆ ವೆಂಕಟಲಕ್ಷ್ಮಮ್ಮ?"

ಕೈಯೆತ್ತಿ ತೋರಿಸಲು ಹೋಗಿ, ಬಾಯಲ್ಲಿ ಹೇಳಿದೆ: "ಹುಣಸೆಮರದ ನೆತ್ತಿಗಿಂತ ಮೇಲೆ ಸಾರ್. ದಪ್ಪಗೈತೆ."

"ಹಂಗಾದ್ರೆ ಅದು ಎರಡನೇ ದಿನದ್ದು," ಎಂದರು. "ನೀವು ನಿನ್ನೆ ನೋಡಿದ್ದು ಸರಿ."

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಬಾಷಾ ಸಾಹೇಬರು ಬಂದರು. ಹೊಸ ಟೋಪಿ, ಅತ್ತರಿನ ವಾಸನೆ. ಜಗಲಿಯ ಹತ್ತಿರ ನಿಂತು, ಏನೂ ಮಾತಾಡದೆ, ಹಬ್ಬದ ಶುಭಾಶಯಕ್ಕೆಂದು ಸಾಹೇಬರತ್ತ ಎರಡೂ ಕೈ ಚಾಚಿದರು. ಅವರು ನಿಂತದ್ದು ಬಲಗಡೆ. ಸಾಹೇಬರು ಬೀದಿಯನ್ನೇ ನೋಡುತ್ತಾ ಕೂತಿದ್ದರು. ಚಾಚಿದ ಕೈ ಹಾಗೆಯೇ ಗಾಳಿಯಲ್ಲಿತ್ತು. ನಾನು ಏನಾದರೂ ಹೇಳಬೇಕೇ ಎಂದು ಬಾಯಿ ತೆರೆದೆ. ಬಾಷಾ ಸಾಹೇಬರು ನನಗೆ ಸುಮ್ಮನಿರುವಂತೆ ತಲೆಯಾಡಿಸಿ, ಕೈ ಇಳಿಸಿ, ಜಗಲಿಯನ್ನು ಸುತ್ತಿಕೊಂಡು ಎಡಗಡೆಗೆ ಬಂದು ನಿಂತು, ಮತ್ತೆ ಚಾಚಿದರು.